ನನ್ನದಲ್ಲದ ಜಾಗ

ದೇವದುರ್ಗ
9 ಜುಲೈ 2025

ಬೇಟಾ ಮೌನೇಶ್ವರಿ,

ನಿನ್ನೆ ನೀನು ಫೋನ್ ಮಾಡಿದ್ದೆಯಂತೆ. ನನ್ನ ತಮ್ಮ ಇನಾಯತ್ “ಆಪಾ, ನಿನ್ ಮಾನ್ವಿ ಹುಡುಗಿ” ಎಂದು ಫೋನನ್ನು ನನ್ನ ಕಿವಿಗೆ ಹಿಡಿದ. ಗುಡುಗೇ ಸರಿಯಾಗಿ ಕೇಳಿಸದ ಕಿವಿ ಇದು, ನಿನ್ನ ಮೆಲುದನಿ ಎಲ್ಲಿಂದ ಕೇಳಬೇಕು? ನಾನೇ ಹಲೋ ಹಲೋ ಎಂದು ಕೂಗಿ ಇಟ್ಟುಬಿಟ್ಟೆ. ಇನ್ನು ಮುಂದೆ ಕಾಗದ ಬರೆ. ನಿವೃತ್ತಿಯಾದರೇನು, ಮಾನ್ವಿ ಶಾಲೆಯಲ್ಲಿ ನಿನಗೆ ಸಮಾಜ ಪಾಠ ಹೇಳಿದವಳು ನಾನು. ಕಾಗುಣಿತ ತಪ್ಪಿದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತೇನೆ.

ರಾಯಚೂರಿನಲ್ಲಿ ನಿನಗೆ ಊರುಗಳ ನಕ್ಷೆ ಮಾಡುವ ಸರಕಾರಿ ಕೆಲಸ ಸಿಕ್ಕಿತೆಂದು ನಿನ್ನ ಅಪ್ಪ ಅಯ್ಯಪ್ಪ ಕಲ್ಲೂರಿನಿಂದ ಪೇಢೆ ಹಿಡಿದು ಬಂದು ಹೇಳಿ ಹೋದ. ಎಂಟನೆಯ ತರಗತಿಯಲ್ಲಿ ಕೃಷ್ಣೆಯನ್ನು ಕೆಳಗೂ ತುಂಗಭದ್ರೆಯನ್ನು ಮೇಲೂ ಬರೆದು ಇಡೀ ಜಿಲ್ಲೆಯನ್ನು ತಲೆಕೆಳಗು ಮಾಡಿದವಳು ನೀನು! ಈಗ ಸರಕಾರವೇ ನಿನ್ನ ಕೈಗೆ ಪೆನ್ಸಿಲ್ ಕೊಟ್ಟಿದೆ. ನನಗಾದ ಸಂತೋಷ ಹೇಳಲಾರೆ. ಪೇಢೆಯನ್ನು ಓಣಿಯವರಿಗೆಲ್ಲ ಹಂಚಿದೆ, ನನಗೆ ಒಂದೂ ಉಳಿಯಲಿಲ್ಲ.

ಇಲ್ಲಿ ಮೊಹರಂ, ನಮ್ಮ ಅಲಾಯಿ ಹಬ್ಬ, ಮುಗಿಯಿತು. ನಮ್ಮ ಬಳೆಗಾರ ಓಣಿಯಲ್ಲಿ ಅಲಾಯಿ ದೇವರನ್ನು ಹೊರುವವನು ಇನಾಯತ್, ಕುಣಿ ತೋಡಿ ಬೆಂಕಿ ಹಾಕುವವನು ಹುಲಗಪ್ಪ. ಅವರ ಅಪ್ಪಂದಿರೂ ಅದನ್ನೇ ಮಾಡಿದರು. ಕುಣಿಯ ಬೆಂಕಿ ಮಾಳಿಗೆಯೆತ್ತರ ಏಳುತ್ತದೆ, ಅದರ ಸುತ್ತ ಊರಿಗೆ ಊರೇ ಕುಣಿಯುತ್ತದೆ. ಅರವತ್ತು ದಾಟಿದ ಮೇಲೂ ಆ ಬೆಂಕಿಯ ಮುಂದೆ ನಿಂತಾಗ ನನ್ನ ಮೈ ಜುಮ್ಮೆನ್ನುತ್ತದೆ ಮೌನಾ. ದೇವರು ಹೊಳೆಗೆ ಹೋಗಿ ಬಂದ ಮರುದಿನ ಹುಲಗಪ್ಪ ಕುಣಿಗೆ ಹಾಲು ಚಿಮುಕಿಸಿ, ಮಣ್ಣು ತುಂಬಿ, ಅಂಗೈಯಿಂದ ಸವರಿ ನೆಲಸಮ ಮಾಡಿದ. ನನಗೆ ಬೆಂಕಿಗಿಂತ ಅದು ದೊಡ್ಡದು. ಇನ್ನು ಮುಂದಿನ ಹಬ್ಬದವರೆಗೆ ಅಲ್ಲಿ ಯಾರ ಕಾಲೂ ಬೀಳುವುದಿಲ್ಲ.

ಈ ಸಲ ಬೀಗರ ಮುಂದೆ ಇನಾಯತ್ ಎದೆಯುಬ್ಬಿಸಿ “ಇದು ನಮ್ಮ ಕುಣಿ” ಎಂದುಬಿಟ್ಟ. ಮೂಲೆಯಲ್ಲಿ ಸೊಪ್ಪು ಮಾರುವ ಸೂಗಮ್ಮ ಕೊತ್ತಂಬರಿ ಸಿವುಡು ತೆಗೆದುಕೊಂಡು ಅವನ ಬಾಯಿಗೆ ಬಡಿದಳು. “ಯಾರ್ದಲೇ ನಿಮ್ದು? ನಿಮ್ದೂ ಅಲ್ಲ, ನಮ್ದೂ ಅಲ್ಲ. ಹೋಗು, ಬಾಯಿ ತೊಳ್ಕೊಂಡು ಬಾ!” ಆ ಜಾಗವನ್ನು ನಂದು ಎಂದು ಯಾರೂ ಅನ್ನಬಾರದು, ಅದು ಓಣಿಯ ಕಟ್ಟು. ಐವತ್ತೆಂಟರ ಗಂಡಸು ಹೋಗಿ ಬಾಯಿ ಮುಕ್ಕಳಿಸಿ ಬಂದ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ರಜಿಯಾ ಬೇಗಂ

ರಾಯಚೂರು
3 ಆಗಸ್ಟ್ 2025

ಪ್ರೀತಿಯ ಅಕ್ಕೋರೇ,

ಶರಣು. ಕಾಗುಣಿತವನ್ನು ಎರಡು ಸಲ ನೋಡಿಯೇ ಬರೆಯುತ್ತಿದ್ದೇನೆ, ಕೆಂಪು ಶಾಯಿ ಉಳಿಸಿ.

ನಿಮ್ಮ ಬೆಂಕಿಯ ವರ್ಣನೆಯನ್ನು ಕಚೇರಿಯಲ್ಲಿ ಓದಿದೆ, ಅಲ್ಲೇ ರೋಮಾಂಚನವಾಯಿತು. ನಮ್ಮ ಕಲ್ಲೂರಿನಲ್ಲೂ ಕುಣಿಯಿದೆ. ಸುತ್ತ ಕಲ್ಲಿನ ಕಟ್ಟೆ ಕಟ್ಟಿದ್ದಾರೆ, ವರ್ಷವಿಡೀ ಮುದುಕರು ಅದರ ಮೇಲೆ ಕುಳಿತು ಬೀಡಿ ಸೇದುತ್ತಾರೆ.

ಈಗ ನನ್ನ ಬೆರಗನ್ನು ಕೇಳಿ. ಬೇಸಿಗೆಯಲ್ಲಿ ಡ್ರೋನ್ ಹಾರಿಸಿ ಒಂದು ಊರಿನ ಚಿತ್ರ ತೆಗೆಸಿದ್ದಾರೆ. ಇಡೀ ಊರು ನನ್ನ ಮೇಜಿನ ಪರದೆಯ ಮೇಲಿದೆ. ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿಯ ಕೆಂಪು, ಹಗ್ಗದ ಮೇಲಿನ ಸೀರೆಗಳು, ಗಲ್ಲಿಯಲ್ಲಿ ನಿಂತ ಎಮ್ಮೆ. ಒಬ್ಬ ಹೆಂಗಸು ಶಾವಿಗೆ ಒಣಹಾಕುತ್ತಾ ತಲೆಯೆತ್ತಿ ಆಕಾಶ ನೋಡಿದ್ದಾಳೆ. ನನ್ನನ್ನೇ ನೋಡಿದಂತಾಗಿ ಕೈ ನಿಂತುಬಿಟ್ಟಿತು. ಇಷ್ಟು ಜನರ ತಲೆಯ ಮೇಲೆ ಗೆರೆ ಎಳೆಯಲು ನಾನು ಯಾರು ಅಕ್ಕೋರೇ? ಆದರೂ ಎಳೆದೆ. ಕೆಲಸ ಅದೇ ಅಲ್ಲವೇ.

ಯಾವ ಊರು ಎಂದು ಹೇಳುವಂತಿಲ್ಲ. ಪ್ರಕಟವಾಗುವ ಮೊದಲು ಹೆಸರು ಹೊರಬಿದ್ದರೆ ಪ್ಲಾಟ್ ಮಾರುವವರು ನಮಗಿಂತ ಮುಂಚೆ ಅಲ್ಲಿರುತ್ತಾರೆ. ಇಷ್ಟು ಮಾತ್ರ ಹೇಳುತ್ತೇನೆ: ಬಸ್‌ಸ್ಟ್ಯಾಂಡಿನಿಂದ ಸಂತೆ ಬಯಲಿಗೆ ಹೋಗಲು ಅಲ್ಲಿ ಸರಿಯಾದ ದಾರಿಯಿಲ್ಲ. ಸಂತೆಯ ದಿನ ಆಂಬುಲೆನ್ಸ್ ಸಿಕ್ಕಿಬಿದ್ದು ಒಬ್ಬ ಗರ್ಭಿಣಿ ಆಟೊದಲ್ಲೇ ಹೆತ್ತಳಂತೆ. ನಾನು ನೆಟ್ಟಗೆ ಒಂದು ರಸ್ತೆ ಎಳೆದಿದ್ದೇನೆ. ಒಂದು ಮನೆಯೂ ಒಡೆಯುವುದಿಲ್ಲ, ಕೆಲವು ಕಟ್ಟೆಗಳು ಮಾತ್ರ ಹೋಗುತ್ತವೆ. ಏಕೆಂದರೆ ನಟ್ಟನಡುವೆ ಒಂದು ಖಾಲಿ ಜಾಗವಿದೆ. ಗಿಡವಿಲ್ಲ, ಗೋಡೆಯಿಲ್ಲ, ದನ ಕಟ್ಟಿಲ್ಲ, ಯಾರೂ ಒತ್ತುವರಿ ಮಾಡಿಲ್ಲ! ನಮ್ಮ ಮೇಲಧಿಕಾರಿ ಜಗದೀಶ ಸರ್ ನೋಡಿ, “ಊರ ನಡುವ ಹಿಂಗ ಖಾಲಿ ಬಿದ್ದ ಜಾಗ ನನ್ನ ಸರ್ವೀಸಿನಾಗ ನೋಡಿಲ್ಲ. ದೇವರು ನಿನಗಂತ ಬಿಟ್ಟಾನ, ಎಳಿ ಗೆರಿ” ಎಂದರು.

ನನ್ನ ಮೊದಲ ರಸ್ತೆ ಅಕ್ಕೋರೇ. ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತದೆ. ಕಟ್ಟಿದವರಿಗೂ ಮೊದಲ ಗೆರೆ ಎಳೆದ ದಿನ ಹೀಗೇ ಎದೆ ಹೊಡೆದುಕೊಂಡಿರಬೇಕು.

ನಿಮ್ಮ
ಮೌನೇಶ್ವರಿ

ದೇವದುರ್ಗ
24 ಆಗಸ್ಟ್ 2025

ಬೇಟಾ ಮೌನೇಶ್ವರಿ,

ತಪ್ಪು ಒಂದೇ ಸಿಕ್ಕಿತು, ಮಾಫ್ ಮಾಡಿದ್ದೇನೆ.

ನಿನ್ನ ಕಾಗದವನ್ನು ಇನಾಯತ್‌ಗೆ ಓದಿ ಹೇಳಿದೆ. ಶಾವಿಗೆಯ ಹೆಂಗಸು ತಲೆಯೆತ್ತಿದ ಕಡೆ ಅವನು ಬಾಳೆಹಣ್ಣಿನ ಬಂಡಿ ತಳ್ಳುವುದನ್ನು ಮರೆತು ನಿಂತಿದ್ದ. ಕಲ್ಲೂರಿನ ಹಟ್ಟಿಯಿಂದ ಬರಿಗಾಲಲ್ಲಿ ಮಾನ್ವಿಗೆ ಬರುತ್ತಿದ್ದ ಹುಡುಗಿ ಒಂದು ಊರಿನ ದಾರಿಯನ್ನು ನಿರ್ಧರಿಸುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಚಮತ್ಕಾರವನ್ನು ನಾನು ಯಾವ ಪಾಠದಲ್ಲೂ ಹೇಳಿಲ್ಲ.

ಆದರೆ ನಾನು ಮೇಷ್ಟ್ರ ಜಾತಿ, ಪ್ರಶ್ನೆ ಕೇಳದೆ ಇರಲಾರೆ. ಊರ ನಡುವೆ ಯಾರೂ ಒತ್ತುವರಿ ಮಾಡದ ಜಾಗ ಎಂದರೆ ಸ್ವಲ್ಪ ಅನುಮಾನಪಡಬೇಕು. ಜನ ಏಕೆ ಬಿಟ್ಟಿದ್ದಾರೆ ಎಂದು ಕೇಳಿದೆಯಾ? ನೀವು ಊರವರನ್ನು ಕೇಳುವುದಾದರೂ ಹೇಗೆ? ಕೇಳುತ್ತೀರೋ, ಇಲ್ಲ ಹೇಳಿ ಕೈತೊಳೆದುಕೊಳ್ಳುತ್ತೀರೋ?

ಸಿಟ್ಟಾಗಬೇಡ. ಯಾವ ಊರಿನ ಪುಣ್ಯವೋ ಅದು, ನಮಗೂ ಅಂಥದೊಂದು ರಸ್ತೆ ಬರಲಿ.

ನಿನ್ನ
ರಜಿಯಾ ಬೇಗಂ

ರಾಯಚೂರು
19 ಅಕ್ಟೋಬರ್ 2025

ಪ್ರೀತಿಯ ಅಕ್ಕೋರೇ,

ತಡವಾಯಿತು, ಕ್ಷಮಿಸಿ. ಈಗ ಹೇಳಬಹುದು! ಕರಡು ನಕ್ಷೆ ಪ್ರಕಟವಾಗಿದೆ. ಆ ಊರು ದೇವದುರ್ಗ. ಆ ರಸ್ತೆ ನಿಮ್ಮ ಬಳೆಗಾರ ಓಣಿಯಲ್ಲೇ ಹಾಯುತ್ತದೆ. ಇಷ್ಟು ದಿನ ಈ ಸುದ್ದಿಯನ್ನು ಬಾಯಲ್ಲಿ ಹಿಡಿದುಕೊಂಡು ನನಗೆ ಊಟ ಸೇರುತ್ತಿರಲಿಲ್ಲ. ನಿಮ್ಮ ಮನೆಯ ಮೆಟ್ಟಿಲಿಗೂ ಗೆರೆ ತಾಗದಂತೆ ನೋಡಿಕೊಂಡಿದ್ದೇನೆ. ಪುರಸಭೆಯ ಗೋಡೆಯ ಮೇಲೆ ನಕ್ಷೆ ಅಂಟಿಸಿದ್ದಾರೆ, ಹೋಗಿ ನೋಡಿ.

ಕೇಳುವುದು ಹೇಗೆ ಎಂದಿದ್ದಿರಿ. ನೋಟಿಸು ಹಚ್ಚುತ್ತೇವೆ, ಪೇಪರಿನಲ್ಲಿ ಹಾಕುತ್ತೇವೆ, ಸಭೆ ಕರೆಯುತ್ತೇವೆ. ಆಕ್ಷೇಪಣೆ ಇದ್ದವರು ವರ್ಷದ ಕೊನೆಯೊಳಗೆ ಫಾರಂ ತುಂಬಿ ಕೊಡಬೇಕು. ಅದಾದ ಮೇಲೆ ಗೆರೆ ಕಾಯಂ ಆಗುತ್ತದೆ, ಅಳಿಸಲು ಬರುವುದಿಲ್ಲ.

ಮೊನ್ನೆ ಮಾನ್ವಿಯಲ್ಲಿ ಅಲ್ಲಿನ ನಕ್ಷೆಗೆ ಸಭೆ ಇತ್ತು. ನಾನು ಓದಿದ ಊರಲ್ಲವೇ, ಹೊಸ ಸೀರೆ ಉಟ್ಟು ಹೋಗಿದ್ದೆ. ನಕ್ಷೆ ಬಿಚ್ಚುವ ಮೊದಲೇ ಒಬ್ಬರು ಎದ್ದು “ಸೈ ಎಲ್ಲಿ ಮಾಡ್ಬೇಕ್ರಿ?” ಎಂದರು. ಚಹಾ ಬಂತು, ಮಿರ್ಚಿ ಬಂತು. ಮುಂದಿನ ಸಾಲಿನವರು ಮಾತಾಡಿದರು, ಹಿಂದಿನ ಸಾಲಿನವರು ಕೈಕಟ್ಟಿ ಕೂತಿದ್ದು ಎದ್ದುಹೋದರು. ಒಬ್ಬ ಅಜ್ಜಿ ನಕ್ಷೆಗೆ ಕೈಮುಗಿದಳು. ನನಗೆ ನಗು ಬಂತು, ಆಮೇಲೆ ಏಕೋ ಬೇಜಾರಾಯಿತು.

ನಿಮಗೆ ರಸ್ತೆ ಹೇಗನಿಸಿತು, ತಕ್ಷಣ ಬರೆಯಿರಿ. ನಿಮ್ಮ ಒಂದು ಶಹಬ್ಬಾಸ್‌ಗಾಗಿ ಕಾಯುತ್ತಿದ್ದೇನೆ.

ನಿಮ್ಮ
ಮೌನೇಶ್ವರಿ

ದೇವದುರ್ಗ
2 ನವೆಂಬರ್ 2025

ಮೌನೇಶ್ವರಿಗೆ,

ನಕ್ಷೆ ನೋಡಿದೆ. ಓಣಿಯವರೂ ನೋಡಿದರು. ಗೆರೆ ನೆಟ್ಟಗಿದೆ. ನನ್ನ ಮನೆ ಹೋಗುವುದಿಲ್ಲ, ನನ್ನದೇನೂ ತಕರಾರಿಲ್ಲ.

ಆಕ್ಷೇಪಣೆಯ ಫಾರಂ ಒಬ್ಬಿಬ್ಬರು ತಂದರು. ಅದರಲ್ಲಿ ‘ನಿಮ್ಮ ಆಸ್ತಿಯ ವಿವರ’ ಎಂಬ ಸಾಲಿದೆ. ಎಲ್ಲರ ಪೆನ್ನೂ ಅಲ್ಲೇ ನಿಂತಿತು. ಹುಲಗಪ್ಪ ಫಾರಮನ್ನು ಇನಾಯತ್‌ಗೆ ಕೊಟ್ಟ, ಇನಾಯತ್ ಸೂಗಮ್ಮನಿಗೆ ಕೊಟ್ಟ, ಸೂಗಮ್ಮ ಅದರಲ್ಲಿ ಕರಿಬೇವು ಕಟ್ಟಿ ಮಾರಿದಳು. ಅಲ್ಲಿಗೆ ಮುಗಿಯಿತು.

“ನಿಮ್ ಹುಡುಗೀಗಿ ಒಂದ್ ಮಾತ್ ಹೇಳ್ರೀ” ಎಂದು ಕೆಲವರು ನನ್ನ ಬಾಗಿಲಿಗೆ ಬಂದರು. ಕಲಿಸಿದ ಋಣವನ್ನು ಶಿಫಾರಸಾಗಿ ವಸೂಲು ಮಾಡುವವಳು ನಾನಲ್ಲ ಎಂದೆ. ನಾನು ಹೇಳಬೇಕಾದ್ದನ್ನು ಜುಲೈ ತಿಂಗಳಲ್ಲೇ ನಿನಗೆ ಬರೆದಿದ್ದೇನೆ. ಅದನ್ನು ಓದಿಯೂ ಗೆರೆ ಎಳೆದಿದ್ದೀ ಎಂದರೆ ಕಚೇರಿಯವರಿಗೆ ಅವರದೇ ಕಾರಣಗಳಿರುತ್ತವೆ. ಓದಿದವರಿಗೆ ಎರಡು ಸಲ ಹೇಳುವ ಅಭ್ಯಾಸ ನನಗಿಲ್ಲ.

ಆರೋಗ್ಯ ನೋಡಿಕೋ.

ರಜಿಯಾ ಬೇಗಂ

ರಾಯಚೂರು
20 ನವೆಂಬರ್ 2025

ಅಕ್ಕೋರೇ,

ನಿಮ್ಮ ಕಾಗದದಲ್ಲಿ ‘ಬೇಟಾ’ ಇರಲಿಲ್ಲ. ಕೆಂಪು ಶಾಯಿಯೂ ಇರಲಿಲ್ಲ. ಜುಲೈನಲ್ಲಿ ನೀವು ಬರೆದದ್ದು ನೆನಪಿದೆ: ಫೋನ್ ಬೇಡ, ಕಾಗದ ಬರೆ ಎಂದಿದ್ದಿರಿ. ನಾನು ಎರಡು ತಿಂಗಳು ಬರೆಯದೆ ಕೂತದ್ದಕ್ಕೆ ಸಿಟ್ಟೇ? ಊರಿನ ಹೆಸರು ಮುಚ್ಚಿಟ್ಟದ್ದಕ್ಕೇ? ಕಿವಿ ಹಿಂಡಿ, ಆದರೆ ಹೀಗೆ ಸುಮ್ಮನಿರಬೇಡಿ.

ನಿಮ್ಮ ಓಣಿಯಿಂದ ಒಂದೇ ಒಂದು ಆಕ್ಷೇಪಣೆಯೂ ಬಂದಿಲ್ಲ. ಜಗದೀಶ ಸರ್‌ಗೆ ಖುಷಿ. “ಸುಮ್ಮನಿದ್ದಾರ ಅಂದ್ರ ಒಪ್ಪ್ಯಾರ ಅಂತ್ಲೇ ತಿಳಿ” ಎನ್ನುತ್ತಾರೆ. ಯಾರ ಆಸ್ತಿಯೂ ಹೋಗದ ಮೇಲೆ ಯಾರು ಬರೆಯುತ್ತಾರೆ ಎಂದು ನಾನೂ ಅಂದುಕೊಂಡೆ. ಆದರೂ ಸಮಾಧಾನವಿಲ್ಲ. ನಾನು ಚಿಕ್ಕವಳಿದ್ದಾಗ ಕಲ್ಲೂರಿನಲ್ಲಿ ನೀರಿನ ಟ್ಯಾಂಕನ್ನು ನಮ್ಮ ಹಟ್ಟಿಯಿಂದ ದೂರದ ತುದಿಗೆ ಕಟ್ಟಿದರು. ಆ ಸಭೆಯಲ್ಲಿ ಅಪ್ಪ ಬಾಗಿಲ ಬಳಿ ನಿಂತಿದ್ದ, ಏನೂ ಅನ್ನಲಿಲ್ಲ. ಅದನ್ನೂ ಒಪ್ಪಿಗೆ ಎಂದೇ ಬರೆದುಕೊಂಡಿರಬೇಕು. ಅವ್ವ ಮಾತ್ರ ಇವತ್ತಿಗೂ ಕೊಡ ಹೊರುತ್ತಾಳೆ.

ಹಾಗಾಗಿ ಒಂದು ಹುಚ್ಚು ಯೋಚನೆ ಮಾಡಿದ್ದೇನೆ. ಗೋಡೆಯ ಮೇಲಿನ ನಕ್ಷೆ ಯಾರಿಗೂ ಅರ್ಥವಾಗುವುದಿಲ್ಲ. ಶಾಲೆಯ ಆಟದ ದಿನ ನೀವು ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದಿರಲ್ಲ, ಹಾಗೆ ರಸ್ತೆಯನ್ನು ನೆಲದ ಮೇಲೇ ಬರೆಯುತ್ತೇನೆ. ಎಷ್ಟು ಅಗಲವೋ ಅಷ್ಟಗಲ, ಎಷ್ಟುದ್ದವೋ ಅಷ್ಟುದ್ದ. ಜನ ಅದರಲ್ಲಿ ನಡೆದು ನೋಡಲಿ, ಆಮೇಲೆ ಮಾತಾಡಲಿ. ಪುರಸಭೆಯವರು ಒಪ್ಪಿದ್ದಾರೆ. “ಕಾಯ್ದೆದಾಗ ಇದು ಇಲ್ಲ, ಬ್ಯಾಡ ಅಂತನೂ ಇಲ್ಲ” ಎಂದು ಜಗದೀಶ ಸರ್ ಹೇಳಿದರು. ಡಿಸೆಂಬರ್ 7, ಭಾನುವಾರ. ನೀವು ಮೊದಲ ಹೆಜ್ಜೆ ಇಡಬೇಕು. ಇದು ನನ್ನ ಹಟ.

ನಿಮ್ಮ
ಮೌನೇಶ್ವರಿ

ದೇವದುರ್ಗ
1 ಡಿಸೆಂಬರ್ 2025

ಮೌನೇಶ್ವರಿಗೆ,

ಆ ದಿನ ನಾನು ಊರಲ್ಲಿರುವುದಿಲ್ಲ. ಕಲ್ಮಲಕ್ಕೆ ತಂಗಿಯ ಮನೆಗೆ ಹೋಗುತ್ತೇನೆ. ಆ ಗೆರೆ ಎಲ್ಲಿ ಹಾಯುತ್ತದೋ ಅಲ್ಲಿ ನನ್ನ ಕಾಲಿಗೆ ಕೆಲಸವಿಲ್ಲ.

ನಿನ್ನ ಅವ್ವನ ಕೊಡದ ಮಾತು ಓದಿ ಕಣ್ಣು ತುಂಬಿತು. ಅಷ್ಟು ತಿಳಿದವಳು ನೀನು.

ಬಿಸಿಲಲ್ಲಿ ನಿಲ್ಲಬೇಡ.

ರಜಿಯಾ ಬೇಗಂ

ರಾಯಚೂರು
8 ಡಿಸೆಂಬರ್ 2025

ಅಕ್ಕೋರೇ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡಿ. ನಿನ್ನೆ ನಾನು ನೋಡಿದ್ದನ್ನು ನಿಮಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ಬೆಳಿಗ್ಗೆಯೇ ಪುರಸಭೆಯ ಆಳುಗಳು ಹಗ್ಗ ಹಿಡಿದು ಸುಣ್ಣ ಹಾಕಿದರು. ಎರಡು ಅಂಚಿಗೆ ಎರಡು ಗೆರೆ, ನಡುವೆ ಒಂದು. ಗೆರೆ ಕಟ್ಟೆಗಳ ಮೇಲೆ ಹತ್ತಿ ಇಳಿಯಿತು, ಒಬ್ಬರ ತುಳಸಿ ಕುಂಡದ ಪಕ್ಕ ಹಾಯಿತು, ಮತ್ತೊಬ್ಬರ ಬಚ್ಚಲು ನೀರಿನಲ್ಲಿ ಕಲಸಿಹೋಯಿತು. ಆಟೊದಲ್ಲಿ ಮೈಕು ಕೂಗಿತು. ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರು, ಆದರೆ ಯಾರೂ ಗೆರೆಯೊಳಗೆ ಕಾಲಿಡಲೊಲ್ಲರು. ಬಿಳಿ ಗೆರೆ ನೋಡಿ ಮಂತ್ರಿ ಬರುತ್ತಾರೆಂದು ತಿಳಿದಿದ್ದರು. “ಯಾರ್ ಬರ್ತಾರ್ರಿ ಮೇಡಂ?” ಎಂದರು. “ಯಾರೂ ಇಲ್ಲ, ನೀವೇ ನಡೀಬೇಕು” ಎಂದೆ. ಆಗ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಒಬ್ಬಾಕೆ, “ಹಂಗಾದ್ರ ಇವತ್ತ ನಾನ ಮಂತ್ರಿ, ಸರೀರಿ ಎಲ್ಲಾರೂ” ಎಂದು ಗೆರೆಯೊಳಗೆ ಇಳಿದಳು. ನಿಮ್ಮ ಸೂಗಮ್ಮ ಎಂದು ಆಮೇಲೆ ಗೊತ್ತಾಯಿತು. ನಗುತ್ತಾ ಊರೇ ಅವಳ ಹಿಂದೆ ಬಂತು.

ಮಾನ್ವಿಯಲ್ಲಿ ಬಾಯಿ ಬಿಡದ ಜನರನ್ನು ನೋಡಿದವಳು ನಾನು. ಇಲ್ಲಿ ಎಲ್ಲರಿಗೂ ಮಾತು ಬಂತು. ಚರಂಡಿ ಈ ಕಡೆ ಬೇಡ, ಆ ಕಡೆ ಬೇಕು. ಸೊಪ್ಪಿನವರಿಗೆ ನೆರಳು ಬೇಕು. ಈ ಕಟ್ಟೆ ಹೋದರೆ ನಮ್ಮ ಮಾವ ಎಲ್ಲಿ ಕೂರಬೇಕು? ಜಗದೀಶ ಸರ್ ಬರೆದುಕೊಂಡು ಸುಸ್ತಾದರು. ನನ್ನ ಎದೆ ಉಬ್ಬಿತು. ಫೋಟೊ ತೆಗೆಯೋಣವೆಂದು ಒಬ್ಬರ ಮಾಳಿಗೆ ಹತ್ತಿದೆ.

ಮೇಲಿನಿಂದ ನೋಡಿದೆ ಅಕ್ಕೋರೇ. ಜನ ನನ್ನ ಗೆರೆಯೊಳಗೆ ನೆಟ್ಟಗೆ ಬರುತ್ತಿದ್ದರು. ಆ ಖಾಲಿ ಜಾಗದ ಹತ್ತಿರ ಬಂದಾಗ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಸರಿದರು, ದಾಟಿದ ಮೇಲೆ ಮತ್ತೆ ಕೂಡಿಕೊಂಡರು. ಯಾರೂ ನೆಲ ನೋಡಲಿಲ್ಲ, ಮಾತು ನಿಲ್ಲಿಸಲಿಲ್ಲ. ಚರಂಡಿಗಾಗಿ ಜಗಳಾಡುತ್ತಿದ್ದ ಇಬ್ಬರು ಅಲ್ಲಿ ಬೇರೆಯಾಗಿ, ಆ ಬದಿಯಲ್ಲಿ ಸೇರಿ, ಬಿಟ್ಟ ಮಾತಿನಿಂದಲೇ ಜಗಳ ಮುಂದುವರಿಸಿದರು. ಬಾಳೆಹಣ್ಣಿನ ಬಂಡಿ ಸರಿದು ಹೋಯಿತು. ಮೋಟರ್‌ಸೈಕಲ್ ಸರಿದು ಹೋಯಿತು. ಕೆಸರಿರಬೇಕು ಎಂದುಕೊಂಡು ಕೆಳಗಿಳಿದು ನೋಡಿದರೆ ನೆಲ ಒಣಗಿ ಗಟ್ಟಿಯಾಗಿತ್ತು.

“ಅಲ್ಲ್ಯಾಕ ಸರದ್ರಿ?” ಎಂದು ಸೂಗಮ್ಮನನ್ನು ಕೇಳಿದೆ.

“ಎಲ್ಲಿ ಸರದೆನವ್ವಾ? ನೆಟ್ಟಗ ಬಂದೆನಲ್ಲ.”

ಮೋಟರ್‌ಸೈಕಲ್ಲಿನವನನ್ನು ಕೇಳಿದೆ. ಅವನೂ ನೆಟ್ಟಗೇ ಬಂದನಂತೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಗೊತ್ತೇ ಇಲ್ಲ ಅಕ್ಕೋರೇ! ಸುಣ್ಣ ಹಾಕಿದ ಆಳು ಕೂಡ ನಡುವಿನ ಗೆರೆಯನ್ನು ಆ ಜಾಗದಲ್ಲಿ ತುಂಡು ಬಿಟ್ಟಿದ್ದ. ಕೇಳಿದರೆ “ಸುಣ್ಣ ಮುಗದಿತ್ತೇನೋ ಬಿಡ್ರಿ” ಎಂದ. ಅವನ ಡಬ್ಬಿ ಅರ್ಧ ತುಂಬಿತ್ತು.

ಸಂಜೆಗೆ ಜನ ಕರಗಿದರು. ಗೆರೆಗಳ ನಡುವಿನ ಧೂಳಿನಲ್ಲಿ ಒಂದರ ಮೇಲೊಂದು ಹೆಜ್ಜೆ. ನಡುವೆ ಒಂದು ದುಂಡನೆಯ ಜಾಗದಲ್ಲಿ ಮಾತ್ರ ಒಂದೂ ಇಲ್ಲ. ಒಂದು ಮಗುವಿನದೂ ಇಲ್ಲ. ನಾನು ಟೇಪು ಹಿಡಿದು ಅದರ ಅಂಚಿಗೆ ಬಂದೆ, ಅಳೆಯಲು ಕಾಲೆತ್ತಿದೆ. ಯಾರೂ ಬೇಡ ಅನ್ನಲಿಲ್ಲ. ಆದರೆ ಓಣಿಯಲ್ಲಿ ಉಳಿದವರೆಲ್ಲ ನನ್ನ ಕಾಲನ್ನೇ ನೋಡಿದರು. ಪಕ್ಕದಲ್ಲಿ ಒಬ್ಬ ಮುದುಕರು ಕೈ ಹಿಂದೆ ಕಟ್ಟಿ ನಿಂತಿದ್ದರು. ಸುಮ್ಮನಿರಲಾರದೆ ಹೆಸರು ಕೇಳಿದೆ.

“ಹುಲಗಪ್ಪ ಅಂತಾರ್ರಿ.”

ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ನಿಮ್ಮ ಜುಲೈ ಕಾಗದ ಅಲ್ಲಿ, ಆ ಗಳಿಗೆಯಲ್ಲಿ ನೆನಪಾಯಿತು. ಹಾಲು ಚಿಮುಕಿಸಿ, ಮಣ್ಣು ತುಂಬಿ, ಅಂಗೈಯಿಂದ ನೆಲಸಮ. ನೀವು ಬರೆದಿದ್ದಿರಿ. ನಾನು ಓದಿದ್ದು ಬೆಂಕಿಯನ್ನು ಮಾತ್ರ, ಮಣ್ಣನ್ನು ಓದಲಿಲ್ಲ. ಆಗಸ್ಟಿನಲ್ಲಿ ನಿಮ್ಮ ಓಣಿಯ ಚಿತ್ರದಲ್ಲಿ ಕುಣಿಯನ್ನು ಹುಡುಕಿಯೂ ಇದ್ದೆ. ಕಲ್ಲೂರಿನ ಹಾಗೆ ಕಲ್ಲಿನ ಕಟ್ಟೆ ಹುಡುಕಿದೆ. ಕಾಣಲಿಲ್ಲ, ಬೇರೆಲ್ಲೋ ಮರದ ಕೆಳಗೆ ಇರಬೇಕೆಂದು ಬಿಟ್ಟೆ. ಯಾರೂ ಒತ್ತುವರಿ ಮಾಡದ ಖಾಲಿ ಜಾಗವೇ ಅದೆಂದು ನನಗೆ ಹೊಳೆಯಲಿಲ್ಲ. ತಿಳಿದು ಮಾಡಲಿಲ್ಲ ಅಕ್ಕೋರೇ. ತಿಳಿದೇ ಮಾಡಿದೆನೆಂದು ನೀವು ಅಂದುಕೊಂಡು ಊರು ಬಿಟ್ಟು ಹೋದಿರಿ.

“ಕುಣಿ ತೋಡೋರು ನೀವೇನ್ರಿ?” ಎಂದೆ.

“ತೋಡಾಕಷ್ಟ ನಾನು. ಜಾಗ ನಂದಲ್ರಿ.”

“ಮತ್ತ ನೋಟಿಸ್ ಹಚ್ಚಿದಾಗ ಒಂದ್ ಮಾತ್ ಹೇಳಬಾರದಿತ್ತೇನ್ರಿ?”

“ಯಾರದಂತ ಹೇಳೂದ್ರಿ ಯವ್ವಾ?”

ಕಾಲು ಹಿಂದೆಗೆದುಕೊಂಡೆ. ಚಪ್ಪಲಿ ಬಿಟ್ಟು, ಅಲ್ಲೇ ಅಂಚಿನಲ್ಲಿ ಕೂತುಬಿಟ್ಟೆ. ಭಯವಲ್ಲ ಅದು. ನೂರಾರು ಜನ ಕಾಗದವಿಲ್ಲದೆ, ಕಾವಲಿಲ್ಲದೆ, ತಮಗೇ ತಿಳಿಯದೆ ಒಂದು ಜಾಗವನ್ನು ಕಾಯುತ್ತಿದ್ದಾರೆ. ಅಷ್ಟು ದೊಡ್ಡದರ ಮುಂದೆ ನಾನು ಈ ಜನ್ಮದಲ್ಲಿ ನಿಂತಿರಲಿಲ್ಲ.

ಜಗದೀಶ ಸರ್ ಬಹಳ ಹೊತ್ತು ಆ ಹೆಜ್ಜೆಗಳನ್ನು ನೋಡಿದರು. ಜೀಪಿನಲ್ಲಿ ಕೂತ ಮೇಲೆ, “ನಾ ಏನೂ ಕಲ್ಲಲ್ಲವ್ವಾ. ಆದ್ರ ಕಾಲಿನ ಗುರುತಿಗಿ ಇನ್‌ವರ್ಡ್ ನಂಬರ್ ಹೆಂಗ ಹಾಕೂದು ಹೇಳು” ಎಂದರು. ಬರಹದಲ್ಲಿ ಆಕ್ಷೇಪಣೆ ಬೇಕು, ಆಸ್ತಿಯ ಸಾಲು ತುಂಬಿರಬೇಕು. ಅಧಿಕಾರಿಯಾಗಿ ನಾನು ಬರೆಯುವಂತಿಲ್ಲ. ನಂದು ಎಂದು ನಿಮ್ಮವರು ಬರೆಯುವುದಿಲ್ಲ. ವರ್ಷ ಮುಗಿದರೆ ನನ್ನ ನೆಟ್ಟನೆಯ ಗೆರೆ ಕಾಯಂ. ಡಾಂಬರು ಬಿದ್ದ ಮೇಲೆ ಹುಲಗಪ್ಪ ಎಲ್ಲಿ ತೋಡಬೇಕು?

ನನಗೆ ದಾರಿ ಕಾಣುತ್ತಿಲ್ಲ. ಒಂದು ಸಲ ಬೇಟಾ ಎನ್ನಿ.

ಮೌನೇಶ್ವರಿ

ದೇವದುರ್ಗ
14 ಡಿಸೆಂಬರ್ 2025

ಬೇಟಾ, ಬೇಟಾ, ಬೇಟಾ,

ಹಿಂದಿನ ಎರಡು ಕಾಗದಗಳದ್ದೂ ಇದರದ್ದೂ ಒಟ್ಟಿಗೇ ಬರೆದಿದ್ದೇನೆ, ಎಣಿಸಿಕೋ.

ಕಲ್ಲೂರಿಗೆ ಕಟ್ಟೆ ಇದೆ, ನಮಗಿಲ್ಲ. ಅಷ್ಟೇ ವಿಷಯ! ಒಂದು ಸಾಲು ಬಿಡಿಸಿ ಬರೆದಿದ್ದರೆ ಇಬ್ಬರಿಗೂ ಇಷ್ಟು ದುಃಖವಿರಲಿಲ್ಲ. ಕಿವಿ ಕೇಳದ ನಾನು ಕಣ್ಣಿನಿಂದಲೂ ಕಿವುಡಿಯಾದೆ ನೋಡು. ನೀನು ತಿಳಿದೇ ಮಾಡಿದೆ ಎಂದು ಕಲ್ಮಲದಲ್ಲಿ ತಂಗಿಯ ಮುಂದೆ ಕೂತು ಅತ್ತೆ. ಅವಳು ಬಿಸಿ ರೊಟ್ಟಿ ಹಾಕಿ, “ಶಾಗಿರ್ದ್ ಮ್ಯಾಲ, ನೀ ಕಲಿಸಿದ ಹುಡುಗಿ ಮ್ಯಾಲ, ಇಷ್ಟೂ ಭರೋಸಾ ಇಲ್ಲೇನ ಆಪಾ?” ಎಂದಳು. ಅದೇ ಸರಿಯಾಗಿತ್ತು.

ನಿನ್ನ ಕಾಗದವನ್ನು ಹೊಸ್ತಿಲಲ್ಲಿ ಕೂತು ಓಣಿಗೆಲ್ಲ ಗಟ್ಟಿಯಾಗಿ ಓದಿದೆ. ಜನ ಸರಿದು ಹೋದ ಭಾಗ ಬಂದಾಗ ಒಬ್ಬರನ್ನೊಬ್ಬರು ನೋಡಿಕೊಂಡರು. “ನಾವೇನ್ರಿ? ಹೌದೇನ್ರಿ?” ಎಂದು ಸೂಗಮ್ಮ ಎದ್ದು, ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಬೇಕೆಂದೇ ನೆಟ್ಟಗೆ ನಡೆದು ನೋಡಿದಳು. ಅಲ್ಲಿ ಬಂದಾಗ ಕಾಲು ತಾನಾಗಿಯೇ ಸರಿಯಿತು. ಅವಳು ಅಲ್ಲೇ ನಿಂತು ತನ್ನ ಪಾದಗಳನ್ನು ಯಾರದೋ ಪಾದಗಳೆಂಬಂತೆ ನೋಡಿಕೊಂಡಳು. ಯಾರೂ ನಗಲಿಲ್ಲ. ಇಲ್ಲೇ ಹುಟ್ಟಿದವಳು ನಾನು, ಅಲ್ಲಿ ಕಾಲಿಡಬಾರದೆಂದು ಗೊತ್ತು; ಕಾಲು ಕೇಳದೆಯೇ ಸರಿಯುತ್ತದೆ ಎಂಬುದು ನನಗೂ ಇವತ್ತೇ ಕಂಡಿತು. ನಾನು ಮನೆಯಿಂದ ಅಂಗಡಿಗೆ ಹೋಗುವ ದಾರಿ ಬಳುಕುತ್ತದೆ, ಅದು ನೆಟ್ಟಗಿದೆ ಎಂದೇ ತಿಳಿದಿದ್ದೆ.

ಇನ್ನು ಫಾರಂ. ಆಸ್ತಿಯ ಸಾಲಿಗೆ ಒಂದು ಉಪಾಯ ಹೊಳೆದಿದೆ. ನಿನಗೆ ಹೇಳುವುದಿಲ್ಲ. ಹೇಳಿದರೆ ಅದು ಶಿಫಾರಸಾಗುತ್ತದೆ, ಟಪಾಲಿನಲ್ಲಿ ಎಲ್ಲರ ಅರ್ಜಿಯಂತೆಯೇ ಬರಲಿ. ಇಷ್ಟು ಮಾತ್ರ ಹೇಳುತ್ತೇನೆ: ಮುದುಕರು ಮುದುಕಿಯರೆಲ್ಲ ನನ್ನ ಪಡಸಾಲೆಯಲ್ಲಿ ಸ್ಲೇಟು ಹಿಡಿದು ಒಂದೇ ಒಂದು ಸಾಲನ್ನು ತಿದ್ದುತ್ತಿದ್ದಾರೆ. ಇನಾಯತ್ ಒತ್ತಕ್ಷರ ತಪ್ಪುತ್ತಾನೆ, ಸೂಗಮ್ಮ ಅವನಿಗೆ ಬಡಿಯುತ್ತಾಳೆ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಇಂಥ ತರಗತಿ ನನಗೆ ಸಿಕ್ಕಿರಲಿಲ್ಲ.

ನಿನ್ನ
ರಜಿಯಾ ಬೇಗಂ

ರಾಯಚೂರು
23 ಫೆಬ್ರವರಿ 2026

ಪ್ರೀತಿಯ ಅಕ್ಕೋರೇ,

ಆದೇಶ ಕೈಗೆ ಬರುವವರೆಗೆ ಬರೆಯಬಾರದೆಂದು ಬಾಯಿ ಬಿಗಿಹಿಡಿದಿದ್ದೆ. ಇವತ್ತು ಬಂತು.

ಡಿಸೆಂಬರ್ ಕೊನೆಯಲ್ಲಿ ಟಪಾಲಿನವನು ಮೇಜಿನ ಮೇಲೆ ಒಂದು ಗಂಟು ಸುರಿದ. ಎಲ್ಲ ಬಳೆಗಾರ ಓಣಿಯವು. ಮೊದಲನೆಯದನ್ನು ಜಗದೀಶ ಸರ್ ಒಡೆದರು. ಹೆಸರು: ಹುಲಗಪ್ಪ. ಆಸ್ತಿಯ ವಿವರ ಎಂಬಲ್ಲಿ ಸೊಟ್ಟ ಅಕ್ಷರದಲ್ಲಿ ‘ಈ ಜಾಗ ನನ್ನದಲ್ಲ’ ಎಂದಿತ್ತು. ಆಕ್ಷೇಪಣೆ ಎಂಬಲ್ಲಿ ‘ಆದ್ದರಿಂದ ಕೊಡಲು ನನಗೆ ಹಕ್ಕಿಲ್ಲ’ ಎಂದಿತ್ತು.

ಎರಡನೆಯದು ಇನಾಯತ್ ಮಾಮಾ. ಈ ಜಾಗ ನನ್ನದಲ್ಲ. ಮೂರನೆಯದು ಸೂಗಮ್ಮ, ಕವರಿನಲ್ಲಿ ಒಂದು ಕರಿಬೇವಿನ ಎಲೆಯೂ ಬಂದಿತ್ತು. ನನ್ನದಲ್ಲ. ಅಂಗಡಿಯವರು, ದರ್ಜಿಯವರು, ಮಸೀದಿಯ ಮೌಲ್ವಿಗಳು, ಹನುಮಪ್ಪನ ಗುಡಿಯ ಪೂಜಾರಿ. ನನ್ನದಲ್ಲ, ನನ್ನದಲ್ಲ. ಜಗದೀಶ ಸರ್ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಹೋದರು, ಅಕ್ಕಪಕ್ಕದ ಮೇಜಿನವರು ಎದ್ದು ಬಂದು ಸುತ್ತ ನಿಂತರು. ನಂದು ನಂದು ಎಂದು ಬಡಿದಾಡುವವರ ಅರ್ಜಿಗಳಿಗೆಂದೇ ಇರುವ ಕಪಾಟು ಅದು. ಅದರೊಳಗೆ ಇವನ್ನು ಇಡುವಾಗ ನಮ್ಮ ಗುಮಾಸ್ತರು ಕೈ ಒರೆಸಿಕೊಂಡರು. ಕೊನೆಗೆ ನಿಮ್ಮದು ಬಂತು, ನೀವು ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರ. ನಾನು ಹೊರಗೆ ಹೋಗಿ ಕೋಟೆಯ ಗುಡ್ಡ ನೋಡುತ್ತಾ ಅತ್ತೆ.

ಎಲ್ಲಕ್ಕೂ ಇನ್‌ವರ್ಡ್ ನಂಬರ್ ಬಿತ್ತು. ಜನವರಿಯ ವಿಚಾರಣೆಯಲ್ಲಿ ಜಗದೀಶ ಸರ್ ಮೇಲಿನವರ ಮುಂದೆ, “ಇಷ್ಟು ಮಂದಿ ತಮ್ಮದಲ್ಲ ಅಂತ ಬರದು ಕೊಟ್ಟಾರ್ರಿ. ನಮ್ಮದು ಅನ್ನಾಕ ನನಗ ಧೈರ್ಯ ಬರವಲ್ದು” ಎಂದರು. ಒಪ್ಪಿಕೊಂಡರು ಅಕ್ಕೋರೇ! ರಸ್ತೆ ಬರುತ್ತದೆ, ಆಂಬುಲೆನ್ಸ್ ಹೋಗುತ್ತದೆ, ಚರಂಡಿ ಆ ಕಡೆಗೇ. ಕುಣಿಯ ಹತ್ತಿರ ಗೆರೆ ಎರಡಾಗಿ ಬಳುಕಿ ಮುಂದೆ ಕೂಡುತ್ತದೆ, ಅಂದು ಜನ ನಡೆದ ಹಾಗೆಯೇ. ಅಲ್ಲಿ ಡಾಂಬರಿಲ್ಲ, ಕಲ್ಲಿಲ್ಲ, ಬರೀ ಮಣ್ಣು. ಆ ಗೆರೆ ಎಳೆದವಳು ನಾನಲ್ಲ, ನನ್ನ ಪೆನ್ಸಿಲ್ ಅವರ ಹಿಂದೆ ನಡೆಯಿತಷ್ಟೇ.

ಹೊಸ ನಕ್ಷೆ ಇವತ್ತು ನಮ್ಮ ದೊಡ್ಡ ಮೇಜಿನ ಮೇಲೆ ಹರಡಿತ್ತು. ಅದರಲ್ಲಿ ಆ ಜಾಗಕ್ಕೆ ಹೆಸರಿಲ್ಲ, ಬಣ್ಣವಿಲ್ಲ, ಹೆಬ್ಬೆರಳಿನಷ್ಟು ಬಿಳಿ ಬಿಟ್ಟಿದ್ದೇವೆ. ಜಗದೀಶ ಸರ್ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಾ ಬಂದರು, ಒಂದು ಕೈಯಲ್ಲಿ ಚಹಾದ ಕಪ್ಪು. ನಕ್ಷೆಯ ಕಡೆ ನೋಡಲೇ ಇಲ್ಲ. ಕಪ್ಪು ದೇವದುರ್ಗದ ಮೇಲೆ ಇಳಿಯುತ್ತಿತ್ತು, ಆ ಬಿಳಿಯ ಹತ್ತಿರ ಬಂದಾಗ ಕೈ ಸರಿಯಿತು, ಪಕ್ಕದಲ್ಲಿ ಇಟ್ಟರು.

ಫೋನ್ ಮುಗಿದ ಮೇಲೆ, “ಸರ್, ಕಪ್ಪು ಯಾಕ ಸರಿಸಿ ಇಟ್ರಿ?” ಎಂದು ಕೇಳಿದೆ.

“ಎಲ್ಲಿ ಸರಿಸಿದೆ?” ಎಂದರು. “ನೆಟ್ಟಗ ಇಟ್ಟೆನಲ್ಲ.”

ನಿಮ್ಮ
ಮೌನೇಶ್ವರಿ